ಯಾರೂ ಫೇಲಾಗದ ಕೋರ್ಸ್: ಒಂದು ಪ್ರಕರಣ ಅಧ್ಯಯನ

ಒಂದು ವಿಶ್ವವಿದ್ಯಾಲಯದ ಕೋರ್ಸ್ ಹೇಗೆ ನಡೆಯುತ್ತಿದೆ ಎಂದು ಪರಿಶೀಲಿಸಲು ಹೋಗಿದ್ದೆವು. ನಮ್ಮ ಕೈಗೆ ಬಂದ ಕಡತದ ಮೊದಲ ಪುಟದಲ್ಲೇ ಎರಡು ಅಂಕಿಗಳನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಫಲಿತಾಂಶ ಶೇ. 100. ವಿದ್ಯಾರ್ಥಿಗಳ ತೃಪ್ತಿ 5ಕ್ಕೆ 4.6. ಪಕ್ಕದ ಖಾಲಿ ಜಾಗದಲ್ಲಿ ಡೀನ್ ಪೆನ್ಸಿಲ್‌ನಲ್ಲಿ ಒಂದು ಸಾಲು ಬರೆದಿದ್ದರು: ‘ಇಷ್ಟು ಚೆನ್ನಾಗಿದ್ದರೆ ಅರ್ಜಿ ಯಾಕೆ ಕಮ್ಮಿಯಾಗ್ತಿದೆ?’

ಕಡತದಲ್ಲಿ ಇನ್ನೂರು ಚಿಲ್ಲರೆ ಪುಟ ಇದ್ದವು. ಕೊನೆಗೆ ನಮಗೆ ಉಪಯೋಗಕ್ಕೆ ಬಂದದ್ದು ಆ ಪೆನ್ಸಿಲ್ ಸಾಲು.

ಅದು ಆರೋಗ್ಯ ವೃತ್ತಿಗಳ ಶಿಕ್ಷಣದಲ್ಲಿ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್. ಕೆಲಸದಲ್ಲಿ ಇರುವವರಿಗೆಂದೇ ಮಾಡಿದ್ದು. ಡಾಕ್ಟರು, ನರ್ಸು, ಫಿಸಿಯೋಥೆರಪಿಸ್ಟು, ಲ್ಯಾಬ್ ಮತ್ತು ಎಕ್ಸ್‌ರೇ ಟೆಕ್ನಾಲಜಿಸ್ಟು, ಎಲ್ಲರೂ ಒಂದೇ ಕ್ಲಾಸಿನಲ್ಲಿ ಕೂರುತ್ತಾರೆ. ರೋಗಿಗೆ ಚಿಕಿತ್ಸೆ ಕೊಡಲು ಬರುತ್ತದೆ ಎಂದ ಮಾತ್ರಕ್ಕೆ ಅದನ್ನು ಇನ್ನೊಬ್ಬರಿಗೆ ಕಲಿಸಲೂ ಬರುತ್ತದೆ ಎಂದೇನಿಲ್ಲ. ಆ ಕೊರತೆ ತುಂಬಲು ಇರುವ ಪದವಿ ಇದು. ಈ ವಿಷಯಕ್ಕೆ ಒಂದು ನೆಲೆ ಸಿಕ್ಕಿದ್ದು ಇತ್ತೀಚೆಗೇ. ವೈದ್ಯಕೀಯ ಶಿಕ್ಷಣವನ್ನೇ ಸಂಶೋಧನೆಯ ವಿಷಯವಾಗಿ ಹಿಡಿದು ಜಾರ್ಜ್ ಮಿಲ್ಲರ್ ಅವರು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ವಿಭಾಗ ಶುರುಮಾಡಿದ್ದು 1959ರಲ್ಲಿ. ನಾವು ನೋಡಲು ಹೋದ ಕೋರ್ಸಿನಲ್ಲಿ ಮೊದಲ ಮೂರು ಸೆಮಿಸ್ಟರ್ ಪಾಠ, ನಾಲ್ಕನೆಯದು ಪೂರ್ತಿ ಥೀಸಿಸ್.

ತಂಡದಲ್ಲಿ ಮೂವರಿದ್ದೆವು. ನಾನು, ಸಂಖ್ಯಾಶಾಸ್ತ್ರ ಕಲಿಸುವ ಒಬ್ಬ ಮೇಷ್ಟ್ರು, ಮೂವತ್ತು ವರ್ಷ ನರ್ಸಿಂಗ್ ಕಲಿಸಿದ ಒಬ್ಬ ಮೇಡಂ. ಮುಂದೆ ಹೋಗುವ ಮೊದಲು ಒಂದು ಮಾತು. ಯಾರ ಗುರುತೂ ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ. ತಲೆಲೆಕ್ಕಗಳೂ ಹಾಗೇ. ಲೆಕ್ಕ ಹೇಗೆ ಓಡಿತು ಎಂದು ತೋರಿಸಲು ಹೊಂದಿಸಿದವು ಅವು. ಇನ್ನೊಂದು ಕಡೆ ಪುರಾವೆ ಅಂತ ತೆಗೆದುಕೊಂಡು ಹೋಗುವಂಥವಲ್ಲ.

ಯಾರಿಗೆ ಏನು ಬೇಕಿತ್ತು

ಮೊದಲ ದಿನ ಮೂರು ಮೀಟಿಂಗ್ ಆಯಿತು. ಮೂರರಲ್ಲೂ ಬೇರೆ ಬೇರೆ ಪ್ರಶ್ನೆ. ಡೀನ್‌ಗೆ ಬೇಕಿದ್ದದ್ದು ತೀರ್ಪು: ಕೋರ್ಸ್ ಇಟ್ಟುಕೊಳ್ಳಬೇಕೋ, ಮುಚ್ಚಬೇಕೋ. ಕೋರ್ಸಿನ ನಿರ್ದೇಶಕರಿಗೆ ಬೇಕಿದ್ದದ್ದು ಪ್ರಚಾರಕ್ಕೆ ಒಂದು ಒಳ್ಳೆಯ ವರದಿ. ಪಾಠ ಮಾಡುವವರಿಗೆ ಬೇಕಿದ್ದದ್ದು ಇನ್ನಿಬ್ಬರು ಅಧ್ಯಾಪಕರು. ಮೈಕಲ್ ಸ್ಕ್ರಿವೆನ್ 1967ರಲ್ಲೇ ಈ ಗೊಂದಲಕ್ಕೆ ಒಂದು ಗೆರೆ ಎಳೆದಿದ್ದರು. ಸುಧಾರಿಸಲು ನೋಡುವುದು ಒಂದು ಬಗೆ, ಕೊನೆಯ ತೀರ್ಪು ಕೊಡಲು ನೋಡುವುದು ಇನ್ನೊಂದು ಬಗೆ. ಎರಡನ್ನೂ ಒಂದೇ ಸಲ ಮಾಡಲು ಹೋದರೆ ಯಾರೂ ಬಾಯಿ ಬಿಡುವುದಿಲ್ಲ. ಕೋರ್ಸ್ ಮುಚ್ಚಿಹೋಗುತ್ತದೆ ಎಂಬ ಭಯ ಇದ್ದರೆ ತನ್ನ ತಪ್ಪನ್ನು ತಾನೇ ಬಂದು ಯಾರು ತೋರಿಸುತ್ತಾರೆ?

ಹಾಗಾಗಿ ಡೀನ್ ಹತ್ತಿರ ಒಂದು ಒಪ್ಪಂದಕ್ಕೆ ಬಂದೆವು. ಮುಚ್ಚುವ ಮಾತು ಒಂದು ವರ್ಷ ಬೇಡ. ನಾವು ಎಲ್ಲಿ ಸೋರುತ್ತಿದೆ ಎಂದು ಹೇಳುತ್ತೇವೆ, ನೀವು ಅದನ್ನು ಸರಿಪಡಿಸಲು ಒಂದು ವರ್ಷ ಕೊಡಿ. ಅವರು ತಕ್ಷಣ ಒಪ್ಪಲಿಲ್ಲ. ಆಗ ನಾನು ಫ್ಲೆಕ್ಸ್‌ನರ್ ವರದಿಯ ವಿಷಯ ಎತ್ತಿದೆ. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ನೋಡಿ ಬರೆದ ವರದಿ ಅದು. ಲ್ಯಾಬು, ಪ್ರವೇಶದ ಅರ್ಹತೆ, ಆಸ್ಪತ್ರೆ ನಂಟು ಎಲ್ಲವನ್ನೂ ಅಳೆದು ಎಷ್ಟೋ ಕಳಪೆ ಶಾಲೆಗಳು ಮುಚ್ಚಲು ಕಾರಣವಾಯಿತು. ಒಳ್ಳೆಯದೇ ಆಯಿತು ಎನ್ನುತ್ತೇವೆ. ಆದರೆ ಆಗ ಕಪ್ಪು ಜನರಿಗೆಂದು ಇದ್ದ ಏಳು ಶಾಲೆಗಳಲ್ಲಿ ಹೊವರ್ಡ್ ಮತ್ತು ಮೆಹಾರಿ ಎರಡೇ ಉಳಿಯಲಿ ಎಂದೂ ಅದೇ ವರದಿ ಹೇಳಿತು. ಉಳಿದ ಐದು ಮುಚ್ಚಿಹೋದವು. ಡಾಕ್ಟರಾಗಬಹುದಾಗಿದ್ದ ಎಷ್ಟು ಮಂದಿಗೆ ಅಲ್ಲಿಗೆ ದಾರಿ ಮುಚ್ಚಿತೋ. ಅಳತೆಗೋಲು ಒಂದೇ ಆದರೂ ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. ಡೀನ್ ಕೇಳಿಸಿಕೊಂಡು ಸುಮ್ಮನಾದರು. ಸಂಜೆ ಹೊತ್ತಿಗೆ ಒಪ್ಪಿಗೆಯ ಮೇಲ್ ಬಂತು.

ಶೇ. 100 ಬಂದದ್ದು ಎಲ್ಲಿಂದ

ಮೇಷ್ಟ್ರು ಯಾವ ಅಂಕಿ ಕಂಡರೂ ಮೊದಲು ಕೇಳುವುದು ಒಂದೇ: ‘ಕೆಳಗೆ ಯಾವ ಸಂಖ್ಯೆ ಇಟ್ಟು ಭಾಗಿಸಿದ್ರಿ?’

ಇಲ್ಲಿ ಕೆಳಗೆ ಇದ್ದದ್ದು ಥೀಸಿಸ್ ಸಲ್ಲಿಸಿ ವೈವಾಗೆ ಕುಳಿತವರ ಸಂಖ್ಯೆ. ಐದು ಬ್ಯಾಚ್ ಸೇರಿ 54 ಮಂದಿ. ಅಷ್ಟೂ ಜನ ಪಾಸ್. ಸುಳ್ಳೇನಲ್ಲ. ಆದರೆ ಐದು ಬ್ಯಾಚಿಗೆ ಸೇರಿದವರು 92. ಐದನೇ ಬ್ಯಾಚಿನ ಎರಡು ವರ್ಷ ಮುಗಿದು ಆಗಲೇ ಇನ್ನೊಂದು ವರ್ಷ ಕಳೆದಿತ್ತು. ಅಂದರೆ ನೂರಕ್ಕೆ 59 ಜನಕ್ಕಷ್ಟೇ ಪದವಿ ಸಿಕ್ಕಿದೆ. ಉಳಿದ 38 ಜನ ಎಲ್ಲಿ? ಕಡತದಲ್ಲಿ ಅವರಿಗೊಂದು ಕಲಂ ಕೂಡ ಇರಲಿಲ್ಲ. ಅವರು ಫೇಲಾಗಿರಲಿಲ್ಲ. ಬಿಟ್ಟುಹೋದವರು ಎಂದೂ ಯಾರೂ ಬರೆದುಕೊಂಡಿರಲಿಲ್ಲ. ರಿಜಿಸ್ಟರಿನಲ್ಲಿ ಅವರ ಮುಂದೆ ‘ಮುಂದುವರಿದಿದೆ’ ಎಂದಷ್ಟೇ ಇತ್ತು. ಮೊದಲ ಬ್ಯಾಚಿನವರ ಮುಂದೆಯೂ ಅದೇ.

ತೃಪ್ತಿಯ 4.6ಕ್ಕೂ ಇದೇ ಕಥೆ. ಫೀಡ್‌ಬ್ಯಾಕ್ ಫಾರಂ ಕೊಡುತ್ತಿದ್ದದ್ದು ಯಾವಾಗ ಗೊತ್ತಾ? ವೈವಾ ಮುಗಿದ ಮೇಲೆ, ನೋ ಡ್ಯೂ ಸರ್ಟಿಫಿಕೇಟ್ ತೆಗೆದುಕೊಳ್ಳಲು ಬಂದಾಗ. ಫಾರಂ ತುಂಬಿ ಕೊಟ್ಟರೆ ಸರ್ಟಿಫಿಕೇಟಿಗೆ ಸಹಿ. ಮೇಲೆ ಹೆಸರೂ ಬರೆಯಬೇಕು. ಎರಡು ವರ್ಷ ಒದ್ದಾಡಿ ಪದವಿ ಪಡೆದ ದಿನ, ಸಹಿ ಹಾಕುವವರ ಎದುರಲ್ಲೇ ನಿಂತು ಯಾರು ತಾನೇ 2 ಅಂಕ ಕೊಡುತ್ತಾರೆ? ನನಗಂತೂ ಅದು 5ಕ್ಕೆ 5 ಬರಲಿಲ್ಲವಲ್ಲ ಎಂದೇ ಆಶ್ಚರ್ಯ.

ತರಬೇತಿಗಳನ್ನು ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ನಾಲ್ಕು ಮೆಟ್ಟಿಲು ಹೇಳಿದ್ದರು. ಕಲಿತವರಿಗೆ ಹೇಗನಿಸಿತು, ಏನು ಕಲಿತರು, ಕೆಲಸಕ್ಕೆ ಮರಳಿ ಏನು ಬದಲಿಸಿದರು, ಅದರಿಂದ ಸಂಸ್ಥೆಗೆ ಏನಾಯಿತು. ಕಂಪನಿಗಳ ತರಬೇತಿಗೆಂದು ಮಾಡಿದ್ದು, ಆರೋಗ್ಯ ಶಿಕ್ಷಣದಲ್ಲೂ ಈಗ ಧಾರಾಳವಾಗಿ ಬಳಸುತ್ತಾರೆ. ಈ ಕೋರ್ಸಿನವರು ಮೊದಲ ಮೆಟ್ಟಿಲಿನಲ್ಲೇ ನಿಂತಿದ್ದರು. ಅದೂ ಮೆಟ್ಟಿಲು ಹತ್ತಿ ಬಂದವರನ್ನು ಮಾತ್ರ ಕೇಳಿಕೊಂಡು.

ನಾವೇ ಮಾಡಿದ ತಪ್ಪು

ಇನ್ನು ಜನರನ್ನೇ ಕೇಳೋಣ ಎಂದು ಹೊರಟೆವು. ಆಗ ಓದುತ್ತಿದ್ದ ಬ್ಯಾಚಿನಿಂದ ಎಂಟು ಜನರನ್ನು ಕರೆದು ಗುಂಪಿನಲ್ಲಿ ಮಾತಾಡಿಸಿದೆವು. ಇಬ್ಬರು ಡಾಕ್ಟರು, ಮೂವರು ನರ್ಸು, ಇಬ್ಬರು ಟೆಕ್ನಾಲಜಿಸ್ಟು, ಒಬ್ಬ ಫಿಸಿಯೋಥೆರಪಿಸ್ಟು. ಎಲ್ಲ ವೃತ್ತಿಯವರೂ ಇರಲಿ, ಚಿತ್ರ ಪೂರ್ತಿ ಸಿಗಲಿ ಎಂಬುದು ನನ್ನ ಲೆಕ್ಕ.

ಒಂದು ಗಂಟೆ ಚೆನ್ನಾಗಿಯೇ ಮಾತಾಯಿತು. ರೆಕಾರ್ಡಿಂಗ್ ಬರೆದು ತೆಗೆದ ಮೇಲೆ ಮೇಷ್ಟ್ರು ಯಾರು ಎಷ್ಟು ಮಾತಾಡಿದರು ಎಂದು ಎಣಿಸಿದರು. ಮುಕ್ಕಾಲು ಪಾಲು ಮಾತು ಇಬ್ಬರು ಡಾಕ್ಟರದ್ದೇ. ನರ್ಸುಗಳು ಹೇಳಿದ್ದರಲ್ಲಿ ಹೆಚ್ಚಿನದು ‘ಹೌದು, ಸರ್ ಹೇಳಿದ ಹಾಗೇ’.

ನಮ್ಮ ನರ್ಸಿಂಗ್ ಮೇಡಂ ಆ ದಿನ ಊರಲ್ಲಿರಲಿಲ್ಲ. ಬಂದವರೇ ಬೈದರು. ‘ವಾರ್ಡಲ್ಲಿ ದಿನಾ ಆರ್ಡರ್ ಕೊಡೋವ್ರ ಎದುರು ಕೂರಿಸಿ, ನಿಮ್ಮ ಕಷ್ಟ ಹೇಳಿ ಅಂದ್ರೆ ಯಾರು ಹೇಳ್ತಾರೆ?’ ಅದರಲ್ಲೂ ಆ ಮೂವರಲ್ಲಿ ಒಬ್ಬರು ಆ ಇಬ್ಬರು ಡಾಕ್ಟರಲ್ಲಿ ಒಬ್ಬರ ವಾರ್ಡಿನವರೇ. ನಾವು ವಿಚಾರಿಸಿರಲಿಲ್ಲ. ಬೇರೆ ಬೇರೆ ವೃತ್ತಿಯವರು ಒಟ್ಟಿಗೆ ಕಲಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದು ಚೌಕಟ್ಟನ್ನೇ ಕೊಟ್ಟಿದೆ. ಅದೇ ಉಮೇದಿನಲ್ಲಿ ನಾನು ಒಟ್ಟಿಗೆ ಕೂರಿಸಿದ್ದೆ. ಒಟ್ಟಿಗೆ ಕಲಿಯುವುದು ಒಳ್ಳೆಯದೇ. ದೂರು ಹೇಳುವುದಕ್ಕೂ ಒಟ್ಟಿಗೆ ಕೂರಬೇಕು ಎಂದು ಯಾರೂ ಹೇಳಿರಲಿಲ್ಲ.

ಎರಡನೇ ಸಲ ಬೇರೆ ಬೇರೆಯಾಗಿ ಕೂರಿಸಿದೆವು. ನರ್ಸುಗಳ ಗುಂಪನ್ನು ಮೇಡಂ ನಡೆಸಿದರು. ನಾನು ಕೋಣೆಯೊಳಗೇ ಹೋಗಲಿಲ್ಲ. ಆ ದಿನ ಕೇಳಿಬಂದ ಒಂದು ಮಾತು ಮುಂದಿನ ಎರಡು ತಿಂಗಳ ದಾರಿ ತೋರಿಸಿತು: ‘ಪಾಠ ಎಲ್ಲಾ ಚೆನ್ನಾಗಿದೆ ಮೇಡಂ. ಥೀಸಿಸ್‌ಗೆ ನಮ್ಮನ್ನ ಒಳಗೇ ಬಿಡಲ್ಲ.’

ಒಳಗೆ ಅಂದರೆ ಎಲ್ಲಿ, ಬಿಡದವರು ಯಾರು ಎಂದು ಆಗ ನಮಗೆ ಗೊತ್ತಾಗಲಿಲ್ಲ.

ಎಥಿಕ್ಸ್ ಕಮಿಟಿ ಮೇಲಿನ ಅನುಮಾನ

ಉಳಿದ 38 ಜನರ ಲೆಕ್ಕ ಬಿಡಿಸಿದಾಗ, ಪಾಠದ ಹಂತದಲ್ಲೇ ಬಿಟ್ಟವರು 7. ಮೂರು ಸೆಮಿಸ್ಟರ್ ಮುಗಿಸಿ ಥೀಸಿಸ್‌ನಲ್ಲಿ ನಿಂತುಹೋದವರು 31. ಸೋರುತ್ತಿದ್ದ ಜಾಗ ಒಂದೇ.

ಕಾರಣ ಏನು ಎಂದು ವಿಭಾಗದಲ್ಲಿ ಯಾರನ್ನು ಕೇಳಿದರೂ ಎರಡು ಉತ್ತರ ರೆಡಿ ಇತ್ತು. ಒಂದು, ‘ಡ್ಯೂಟಿ ಮಾಡ್ಕೊಂಡು ಓದೋರು, ಟೈಮ್ ಇರಲ್ಲ’. ಎರಡು, ‘ಎಥಿಕ್ಸ್ ಕಮಿಟಿ ತಿಂಗಳುಗಟ್ಟಲೆ ಕೂತ್ಕೊಳ್ಳತ್ತೆ’. ಜನರ ಮೇಲೆ ಮಾಡುವ ಅಧ್ಯಯನ ನೈತಿಕವಾಗಿ ಸರಿಯಿದೆಯೇ ಎಂದು ನೋಡಿ ಒಪ್ಪಿಗೆ ಕೊಡುವ ಸಮಿತಿ ಅದು. ಎರಡನೆಯದನ್ನು ಹೇಳುವಾಗ ಎಲ್ಲರ ಮುಖದಲ್ಲೂ ಒಂದು ನೆಮ್ಮದಿ. ಕಮಿಟಿ ಬೇರೆ ಕಟ್ಟಡದಲ್ಲಿತ್ತು ನೋಡಿ.

ಕಮಿಟಿಯ ಕಚೇರಿಯಲ್ಲಿ ಒಂದು ಆವಕ ರಿಜಿಸ್ಟರ್ ಇತ್ತು. ಅರ್ಜಿ ಬಂದ ದಿನ, ಒಪ್ಪಿಗೆ ಹೋದ ದಿನ, ಎರಡೂ ಸೀಲ್ ಸಮೇತ. ವಿಭಾಗದ ಸೆಮಿನಾರ್ ಪುಸ್ತಕದಲ್ಲಿ ಪ್ರತಿಯೊಬ್ಬರ ಥೀಸಿಸ್ ವಿಷಯ ಒಪ್ಪಿಗೆಯಾದ ದಿನ ಇತ್ತು. ಮೇಷ್ಟ್ರು ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ವಾರ ಕೂತರು.

ಅರ್ಜಿ ಕಮಿಟಿಗೆ ಸೇರಿದ ಮೇಲೆ ಒಪ್ಪಿಗೆಗೆ ಹಿಡಿದದ್ದು ಹೆಚ್ಚುಕಮ್ಮಿ ಎರಡು ತಿಂಗಳು. ಡಾಕ್ಟರಿಗೂ ಅಷ್ಟೇ, ನರ್ಸಿಗೂ ಅಷ್ಟೇ. ಕಮಿಟಿ ನಿಧಾನವೇ ಇರಬಹುದು, ಆದರೆ ಎಲ್ಲರಿಗೂ ಒಂದೇ ನಿಧಾನ. ವ್ಯತ್ಯಾಸ ಕಂಡದ್ದು ಅದಕ್ಕಿಂತ ಮುಂಚಿನ ದಿನಗಳಲ್ಲಿ. ವಿಷಯ ಒಪ್ಪಿಗೆಯಾದ ದಿನದಿಂದ ಕಮಿಟಿಗೆ ಅರ್ಜಿ ಹಾಕುವ ದಿನದ ತನಕ ಡಾಕ್ಟರಿಗೆ ಸುಮಾರು ಆರು ವಾರ ಹಿಡಿದಿತ್ತು. ನರ್ಸುಗಳಿಗೆ ಏಳು ತಿಂಗಳು. ಎಷ್ಟೋ ಜನರ ಅರ್ಜಿ ಕಮಿಟಿ ಬಾಗಿಲಿಗೆ ಬಂದೇ ಇರಲಿಲ್ಲ. ಎಲ್ಲರೂ ಬೈಯುತ್ತಿದ್ದ ಕಮಿಟಿ ಆ ಹೆಸರುಗಳನ್ನೇ ಕೇಳಿರಲಿಲ್ಲ.

ಕಮಿಟಿ ಅರ್ಜಿಯ ಜೊತೆ ಒಂದು ಕಾಗದ ಲಗತ್ತಿಸಬೇಕು: ಮಾಹಿತಿ ಎಲ್ಲಿಂದ ತರುತ್ತೀರೋ ಆ ಸಂಸ್ಥೆಯ ಮುಖ್ಯಸ್ಥರ ಅನುಮತಿ ಪತ್ರ. ಡಾಕ್ಟರು ತಮ್ಮ ವಿಭಾಗದಲ್ಲೇ, ತಮ್ಮ ಕೈಕೆಳಗಿನ ವಿದ್ಯಾರ್ಥಿಗಳ ಮೇಲೇ ಅಧ್ಯಯನ ಮಾಡುತ್ತಿದ್ದರು. ಸಹಿ ಹಾಕುವವರು ಪಕ್ಕದ ಕೋಣೆಯವರು. ಕೆಲವರ ಪತ್ರಕ್ಕೆ ಅವರದೇ ಸಹಿ! ವಾರ್ಡಿನ ಸಿಸ್ಟರ್ ಅದೇ ಪತ್ರಕ್ಕೆ ಇನ್‌ಚಾರ್ಜ್, ನರ್ಸಿಂಗ್ ಸೂಪರಿಂಟೆಂಡೆಂಟ್, ಮೆಡಿಕಲ್ ಸೂಪರಿಂಟೆಂಡೆಂಟ್ ಎಂದು ಮೂರು ಬಾಗಿಲು ಸುತ್ತಬೇಕು. ಒಂದು ಕಡೆ ‘ನಿಂಗ್ಯಾಕೆ ಬೇಕು ಇದೆಲ್ಲ?’ ಎಂದರೆ ಮುಗಿಯಿತು.

ಕೂಡಿದ ಲೆಕ್ಕ, ಬಿಡಿಸಿದ ಲೆಕ್ಕ

ಪದವಿ ಮುಗಿಸಿದವರನ್ನು ವೃತ್ತಿಯ ಪ್ರಕಾರ ಬಿಡಿಸಿದರೆ ಹೀಗಿತ್ತು: ಡಾಕ್ಟರು 38ರಲ್ಲಿ 31, ಫಿಸಿಯೋಥೆರಪಿಸ್ಟು 14ರಲ್ಲಿ 9, ನರ್ಸು 29ರಲ್ಲಿ 11, ಟೆಕ್ನಾಲಜಿಸ್ಟು 11ರಲ್ಲಿ 3.

ಈ ಪಟ್ಟಿಯನ್ನು ಒಂದು ಮಧ್ಯಂತರ ಸಭೆಯಲ್ಲಿ ತೋರಿಸಿದೆವು. ತೋರಿಸಿ ತಪ್ಪು ಮಾಡಿದೆವೇನೋ ಎಂದು ಕೂಡಲೇ ಅನಿಸಿತು. ಒಬ್ಬ ಹಿರಿಯ ಅಧ್ಯಾಪಕರು ತಲೆಯಾಡಿಸಿ, ‘ಅದೇ ನಾನು ಹೇಳ್ತಿದ್ದೆ, ಪ್ರವೇಶ ಪರೀಕ್ಷೆ ಬಿಗಿ ಮಾಡಬೇಕು’ ಎಂದರು. ಅಂದರೆ ಅವರ ಕಿವಿಗೆ ಬಿದ್ದದ್ದು ‘ನರ್ಸುಗಳ ಕೈಲಿ ಆಗಲ್ಲ’ ಎಂದು.

ಮೊದಲು ಅಂಕಪಟ್ಟಿ ತೆಗೆದೆವು. ಮೂರು ಸೆಮಿಸ್ಟರಿನ ಅಂಕಗಳಲ್ಲಿ ವೃತ್ತಿ ವೃತ್ತಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಪರೀಕ್ಷೆ ನಡೆಸುವ ವಿಧಾನಗಳ ಪೇಪರಿನಲ್ಲಂತೂ ನರ್ಸುಗಳದ್ದೇ ಕೈ ಮೇಲು. ಆಮೇಲೆ ಮೇಡಂ ಒಂದು ಪ್ರಶ್ನೆ ಎಸೆದರು. ‘ಈ 29ರಲ್ಲಿ ಕಾಲೇಜಲ್ಲಿ ಪಾಠ ಮಾಡೋರು ಎಷ್ಟು, ವಾರ್ಡಲ್ಲಿ ಕೆಲಸ ಮಾಡೋರು ಎಷ್ಟು?’ ನಮ್ಮಿಬ್ಬರಿಗೂ ಅದು ಹೊಳೆದೇ ಇರಲಿಲ್ಲ.

ನರ್ಸಿಂಗ್ ಕಾಲೇಜಿನ ಅಧ್ಯಾಪಕಿಯರು 12. ಅವರಲ್ಲಿ 9 ಜನ ಪದವಿ ಮುಗಿಸಿದ್ದರು. ವಾರ್ಡಿನಲ್ಲಿ ಇದ್ದವರು 17. ಮುಗಿಸಿದವರು 2.

ಒಂದೇ ವೃತ್ತಿ, ಒಂದೇ ಕ್ಲಾಸು, ಒಂದೇ ಸಿಲಬಸ್. ಕಾಲೇಜಿನ ನರ್ಸುಗಳ ಫಲಿತಾಂಶ ಡಾಕ್ಟರ ಪಕ್ಕದಲ್ಲೇ ನಿಲ್ಲುತ್ತದೆ. ಅವರ ಅಧ್ಯಯನ ಅವರದೇ ವಿದ್ಯಾರ್ಥಿಗಳ ಮೇಲೆ, ಅನುಮತಿ ಕೊಡುವವರು ಅವರ ಪ್ರಿನ್ಸಿಪಾಲರು. ಮಾಹಿತಿ ಇರುವ ಜಾಗದಲ್ಲಿ ನಿಮ್ಮ ಮಾತು ನಡೆಯುತ್ತದೆಯೋ ಇಲ್ಲವೋ ಎಂಬುದರ ಮೇಲೆ ಪದವಿ ನಿಂತಿತ್ತು. ಇಷ್ಟು ಸಣ್ಣ ಸಂಖ್ಯೆಗಳನ್ನು ಇಟ್ಟುಕೊಂಡು ಜಾಸ್ತಿ ಜಂಬ ಕೊಚ್ಚಬೇಡಿ ಎಂದು ಮೇಷ್ಟ್ರು ಎಚ್ಚರಿಸಿದರು. ಸರಿಯೇ. ಅದಕ್ಕೇ ಫೋನ್ ಹಿಡಿದು ಕೂತೆವು. ನಿಂತುಹೋದ 31ರಲ್ಲಿ 24 ಜನ ಮಾತಿಗೆ ಸಿಕ್ಕರು. ಅನುಮತಿ ಪತ್ರದಲ್ಲೇ ಸಿಕ್ಕಿಬಿದ್ದವರು 14, ಎಲ್ಲರೂ ವಾರ್ಡಿನ ನರ್ಸುಗಳು ಅಥವಾ ಟೆಕ್ನಾಲಜಿಸ್ಟುಗಳು. ಮದುವೆ, ಮಗು, ವರ್ಗಾವಣೆ, ಕಾಯಿಲೆ ಎಂದು ತಮ್ಮ ಬದುಕಿನ ಕಾರಣ ಹೇಳಿದವರು 4. ನೈಟ್ ಡ್ಯೂಟಿಯ ಕಷ್ಟ ಎಲ್ಲರೂ ಹೇಳಿಕೊಂಡರು. ಆದರೆ ‘ಟೈಮ್ ಇರಲಿಲ್ಲ, ಅದಕ್ಕೇ ಬಿಟ್ಟೆ’ ಎಂದವರು ಆ ನಾಲ್ವರ ಹೊರಗೆ ಒಬ್ಬರೂ ಇರಲಿಲ್ಲ.

ಒಬ್ಬ ಎಕ್ಸ್‌ರೇ ಟೆಕ್ನಾಲಜಿಸ್ಟ್ ಹೇಳಿದ್ದು ಇನ್ನೂ ನೆನಪಿದೆ. ತರಬೇತಿಗೆ ಬರುವ ಹುಡುಗರು ಎಕ್ಸ್‌ರೇ ತೆಗೆಯುವಾಗ ಯಾವ ಭಂಗಿಯಲ್ಲಿ ಹೆಚ್ಚು ತಪ್ಪುತ್ತಾರೆ, ಎಷ್ಟು ಸಲ ಮತ್ತೆ ತೆಗೆಯಬೇಕಾಗುತ್ತದೆ ಎಂದು ಲೆಕ್ಕ ಹಾಕಿ, ಅದನ್ನು ಇಟ್ಟುಕೊಂಡು ಪಾಠ ಕಟ್ಟಬೇಕು ಎಂಬುದು ಅವರ ವಿಷಯ. ಮತ್ತೆ ತೆಗೆದಷ್ಟೂ ರೋಗಿಗೆ ವಿಕಿರಣ ಜಾಸ್ತಿ, ಹಾಗಾಗಿ ಕೆಲಸಕ್ಕೆ ಬರುವ ವಿಷಯವೇ. ಆಸ್ಪತ್ರೆಯವರು ಅನುಮತಿ ಕೊಡಲಿಲ್ಲ. ‘ನಮ್ಮ ತಪ್ಪಿನ ಲೆಕ್ಕ ನೀನು ಯಾಕೆ ಹೊರಗೆ ಒಯ್ಯಬೇಕು’ ಎಂದರಂತೆ. ಅವರು ಗೈಡ್‌ಗೆ ಹೇಳಿದರು. ಗೈಡ್ ‘ಮಾತಾಡಿ ನೋಡಿ’ ಎಂದರು. ಅಲ್ಲಿಗೆ ಎರಡು ವರ್ಷ ಹೋಯಿತು.

ಎಲ್ಲರಿಗೂ ಬೇಕಾದ ಗೈಡ್

ಫೋನಿನಲ್ಲಿ ಸಿಕ್ಕ ಉಳಿದ 6 ಜನ ಗೈಡ್ ಸಮಯ ಸಿಗದೆ ನಿಂತವರು. ಅವರಲ್ಲಿ ನಾಲ್ವರದ್ದು ಒಬ್ಬರೇ ಗೈಡ್.

ಇದು ಸ್ವಲ್ಪ ಸೂಕ್ಷ್ಮ. ಆ ಗೈಡ್ ಸೋಮಾರಿ ಅಲ್ಲವೇ ಅಲ್ಲ. ವಿಭಾಗದ ಅತಿ ಒಳ್ಳೆಯ ಅಧ್ಯಾಪಕರು ಅವರೇ. ಪ್ರತಿ ಬ್ಯಾಚಿನ ಫೀಡ್‌ಬ್ಯಾಕಿನಲ್ಲೂ ಅವರಿಗೇ ಮೊದಲ ಸ್ಥಾನ. ಗೈಡನ್ನು ವಿದ್ಯಾರ್ಥಿಗಳೇ ಆರಿಸಿಕೊಳ್ಳಬಹುದಿತ್ತು, ಒಬ್ಬರಿಗೆ ಇಷ್ಟೇ ಎಂಬ ಮಿತಿ ಇರಲಿಲ್ಲ. ಎಲ್ಲರೂ ಅವರನ್ನೇ ಕೇಳಿದರು, ಅವರು ಯಾರಿಗೂ ಇಲ್ಲ ಎನ್ನಲಿಲ್ಲ. ಒಂದು ಹಂತದಲ್ಲಿ ಅವರ ಕೈಯಲ್ಲಿ 14 ಥೀಸಿಸ್ ಇದ್ದವು. ಅದೇ ಕಾರಿಡಾರಿನಲ್ಲಿ ಇಬ್ಬರು ಅಧ್ಯಾಪಕರ ಕೈ ಖಾಲಿ. ಈ ಭಾಗವನ್ನು ವರದಿಯಲ್ಲಿ ಹೇಗೆ ಬರೆಯುವುದು ಎಂದು ನಾವು ತಿಣುಕಾಡಿದೆವು. ಹೆಸರು ಹಾಕದಿದ್ದರೂ ಒಂಬತ್ತು ಜನರ ವಿಭಾಗದಲ್ಲಿ ಯಾರು ಎಂದು ಎಲ್ಲರಿಗೂ ತಿಳಿಯುತ್ತದೆ. ಕೊನೆಗೆ ಬರೆಯುವ ಮೊದಲೇ ಅವರ ಕೋಣೆಗೆ ಹೋಗಿ ಅಂಕಿಗಳನ್ನು ತೋರಿಸಿದೆವು. ಅವರು ಸ್ವಲ್ಪ ಹೊತ್ತು ನೋಡಿ, ‘ನಾಲ್ಕು ಜನಾನಾ?’ ಎಂದು ಕೇಳಿದರು. ಮಿತಿ ಹಾಕಬೇಕು ಎಂಬ ಸಲಹೆಯನ್ನು ಅವರೇ ಬರೆದುಕೊಟ್ಟರು.

ಮುಗಿಸಿದವರು ಏನು ಮಾಡುತ್ತಿದ್ದಾರೆ

ಪದವಿ ಪಡೆದ ಹತ್ತು ಜನರ ಕೆಲಸದ ಜಾಗಕ್ಕೆ ಹೋಗಿ ಅವರ ಪಾಠ ನೋಡಿದೆವು. ಇದನ್ನು ವಿವರವಾಗಿ ಬರೆದರೆ ಬೇರೆಯೇ ಲೇಖನವಾದೀತು, ಎರಡು ವಿಷಯ ಹೇಳಿ ಮುಗಿಸುತ್ತೇನೆ.

ಪರೀಕ್ಷೆಯ ವಿಷಯದಲ್ಲಿ ಬದಲಾವಣೆ ಎದ್ದು ಕಾಣುತ್ತಿತ್ತು. ಹತ್ತರಲ್ಲಿ ಏಳು ಜನ ಓಎಸ್‌ಸಿಇ ನಡೆಸುತ್ತಿದ್ದರು. ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು 1975ರಲ್ಲಿ ಪ್ರಕಟಿಸಿದ ಪರೀಕ್ಷಾ ವಿಧಾನ ಅದು. ವಿದ್ಯಾರ್ಥಿ ಒಂದರ ನಂತರ ಒಂದು ಸ್ಟೇಷನ್‌ಗೆ ಹೋಗಿ, ಗೊತ್ತಾದ ಸಮಯದಲ್ಲಿ ಒಂದೊಂದು ಕೆಲಸ ಮಾಡಿ ತೋರಿಸಬೇಕು. ಕೋರ್ಸಿನಲ್ಲಿ ಇವರೇ ಸ್ಟೇಷನ್ ಕಟ್ಟಿ, ನಡೆಸಿ, ತಪ್ಪಿ, ತಿದ್ದಿ ಕಲಿತಿದ್ದರು.

ವಿದ್ಯಾರ್ಥಿಗೆ ಫೀಡ್‌ಬ್ಯಾಕ್ ಕೊಡುವ ವಿಷಯದಲ್ಲಿ ಏನೂ ಬದಲಾಗಿರಲಿಲ್ಲ. ಹಳೇ ಗದರಿಕೆ, ಇಲ್ಲವೇ ‘ಗುಡ್, ಗುಡ್’. ಯಾಕೆ ಎಂದು ಸಿಲಬಸ್ ತಿರುವಿದರೆ ಉತ್ತರ ಅಲ್ಲೇ ಇತ್ತು. ಫೀಡ್‌ಬ್ಯಾಕ್ ಹೇಗೆ ಕೊಡಬೇಕು ಎಂಬುದಕ್ಕೆ ಎರಡು ಗಂಟೆಯ ಲೆಕ್ಚರ್. ಪರೀಕ್ಷೆಯಲ್ಲಿ ಐದು ಅಂಕದ ಟಿಪ್ಪಣಿ: ‘ಪೆಂಡಲ್‌ಟನ್ ನಿಯಮಗಳ ಬಗ್ಗೆ ಬರೆಯಿರಿ’. ಎಲ್ಲರೂ ಚೆನ್ನಾಗಿ ಬರೆದಿದ್ದರು. ಈ ಮೊದಲು ಹೇಳಿದ ಮಿಲ್ಲರ್ 1990ರಲ್ಲಿ ಒಂದು ಪಿರಮಿಡ್ ಬರೆದು ತೋರಿಸಿದ್ದರು. ತಿಳಿದಿದೆ, ಹೇಗೆಂದು ತಿಳಿದಿದೆ, ಮಾಡಿ ತೋರಿಸುತ್ತಾನೆ, ದಿನನಿತ್ಯ ಮಾಡುತ್ತಾನೆ ಎಂದು ನಾಲ್ಕು ಹಂತ. ಆ ಪಿರಮಿಡ್ಡನ್ನು ಇದೇ ಕೋರ್ಸಿನ ಮೊದಲ ವಾರ ಪಾಠ ಮಾಡುತ್ತಾರೆ. ಫೀಡ್‌ಬ್ಯಾಕ್ ಪಾಠ ಅದರ ತಳದಲ್ಲೇ ಕೂತಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇನ್ನೊಂದು ತಮಾಷೆಯ ಪ್ರಸಂಗ. ವಿಭಾಗದವರು ಒಂದು ಕೋಷ್ಟಕವನ್ನು ಕಡತದಿಂದ ತೆಗೆದಿಟ್ಟಿದ್ದರು. ಗುಮಾಸ್ತರು ಪಾಪ ಗೊತ್ತಿಲ್ಲದೆ ನಮಗೆ ಕೊಟ್ಟುಬಿಟ್ಟರು. ಸೇರಿದ ದಿನ ‘ಪ್ರಶ್ನೆಪತ್ರಿಕೆ ತಯಾರಿಸುವುದರಲ್ಲಿ ನಿಮಗೆ ನೀವೇ 10ಕ್ಕೆ ಎಷ್ಟು ಕೊಡುತ್ತೀರಿ?’ ಎಂದು ಕೇಳಿದ್ದಕ್ಕೆ ಸರಾಸರಿ 7. ಮುಗಿಸಿದ ದಿನ ಅದೇ ಪ್ರಶ್ನೆಗೆ 6. ಓದಿದ ಮೇಲೆ ಕಮ್ಮಿಯಾಗಿದೆ! ಅದಕ್ಕೇ ಬಚ್ಚಿಟ್ಟಿದ್ದು. ಆದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ಒಳ್ಳೆಯ ಪ್ರಶ್ನೆಪತ್ರಿಕೆ ಎಂದರೇನು ಎಂದು ತಿಳಿದ ಮೇಲೆ ತಮ್ಮ ಹಳೆಯ ಏಳು ನಿಜಕ್ಕೂ ಮೂರೋ ನಾಲ್ಕೋ ಎಂದು ಅವರಿಗೇ ಗೊತ್ತಾಗಿದೆ. 1970ರ ದಶಕದ ಕೊನೆಗೇ ಜಾರ್ಜ್ ಹೊವರ್ಡ್ ಮತ್ತು ಸಂಗಡಿಗರು ಈ ಬದಲಾವಣೆಗೆ ‘ರೆಸ್ಪಾನ್ಸ್ ಶಿಫ್ಟ್’ ಎಂದು ಹೆಸರಿಟ್ಟಿದ್ದರು. ಅಳೆಯುವವನ ಕೋಲೇ ನಡುವೆ ಉದ್ದವಾಗಿರುತ್ತದೆ. ನಾವು ‘ಸೇರಿದಾಗ ನಿಜವಾಗಿ ಎಷ್ಟಿತ್ತು ಅಂತ ಈಗ ಅನಿಸುತ್ತದೆ?’ ಎಂದೂ ಕೇಳಿಸಿದೆವು. ಬಂದ ಉತ್ತರ 3.5ರ ಆಸುಪಾಸು. ಇದನ್ನೂ ಪೂರ್ತಿ ನಂಬುವ ಹಾಗಿಲ್ಲ ಬಿಡಿ. ಎರಡು ವರ್ಷ ಕಷ್ಟಪಟ್ಟವರಿಗೆ ತಾವು ಬದಲಾಗಿದ್ದೇವೆ ಎಂದು ನಂಬುವ ಆಸೆ ಇದ್ದೇ ಇರುತ್ತದೆ. ಅದಕ್ಕೇ ಪಾಠ ನೋಡಲು ಖುದ್ದಾಗಿ ಹೋಗಿದ್ದು.

ವರದಿಯ ಮೇಲಿನ ಜಗಳ

ಗೈಡ್‌ಗೆ ಮಿತಿ, ಥೀಸಿಸ್ ಕೆಲಸ ಎರಡನೇ ಸೆಮಿಸ್ಟರಿನಿಂದಲೇ ಶುರು, ಫೀಡ್‌ಬ್ಯಾಕ್ ಪಾಠವನ್ನು ಮಾಡಿ ಕಲಿಯುವ ಹಾಗೆ ಬದಲಿಸುವುದು. ಇವಕ್ಕೆ ಯಾರದೂ ತಕರಾರಿಲ್ಲ. ಜಗಳ ಆದದ್ದು ಅನುಮತಿ ಪತ್ರದ ಮೇಲೆ, ಅದೂ ನಮ್ಮ ಮೂವರ ನಡುವೆಯೇ.

ಸೇರುವಾಗಲೇ ಕೆಲಸದ ಜಾಗದಿಂದ ಥೀಸಿಸ್‌ಗೆ ಅನುಮತಿ ಪತ್ರ ತರಲಿ, ಆಮೇಲೆ ತೊಂದರೆ ಇರುವುದಿಲ್ಲ ಎಂದು ನಾನು ಬರೆದಿದ್ದೆ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಮೇಡಂ ಓದಿ ಪೆನ್ನು ಕೆಳಗಿಟ್ಟರು. ‘ಈಗ ನಾಲ್ಕನೇ ಸೆಮಿಸ್ಟರಲ್ಲಿ ಬೀಳೋರು ಗೇಟಲ್ಲೇ ಬೀಳ್ತಾರೆ, ಅಷ್ಟೇ. ನಿಮ್ಮ ಶೇ. 59 ಮಾತ್ರ 90 ಆಗತ್ತೆ.’

ನಿಜ. ಪತ್ರ ತರಲು ಆಗುವವರು ಡಾಕ್ಟರು, ಕಾಲೇಜಿನವರು. ವಾರ್ಡಿನವರು ಅರ್ಜಿಯನ್ನೇ ಹಾಕುವುದಿಲ್ಲ. ಕೋರ್ಸಿನ ಅಂಕಿ ಏರುತ್ತದೆ, ಯಾರಿಗೆಂದು ಮಾಡಿದ ಕೋರ್ಸೋ ಅವರೇ ಇಲ್ಲವಾಗುತ್ತಾರೆ. ಡೀನ್‌ಗೆ ನಾನೇ ಹೇಳಿದ ಫ್ಲೆಕ್ಸ್‌ನರ್ ಕಥೆ ನನಗೇ ಮರೆತುಹೋಗಿತ್ತು. ಅಲ್ಲದೆ ಅರ್ಜಿ ಕಮ್ಮಿಯಾಗುತ್ತಿದ್ದ ಕಾರಣವೂ ಇದರಲ್ಲೇ ಇತ್ತು. ಯಾರ ಅರ್ಜಿ ಕಮ್ಮಿಯಾಗಿದೆ ಎಂದು ನೋಡಿದರೆ, ವಾರ್ಡಿನವರದ್ದು ಮತ್ತು ಟೆಕ್ನಾಲಜಿಸ್ಟುಗಳದ್ದು. ‘ಸೇರಬೇಡ, ಥೀಸಿಸ್‌ನಲ್ಲಿ ಸಿಕ್ಕಿಬೀಳ್ತೀಯ’ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಆ ಸಲಹೆ ಹೊಡೆದುಹಾಕಿ ಎರಡು ಬೇರೆ ಬರೆದೆವು. ಒಂದು, ಅನುಮತಿ ಕೇಳುವ ಹೊಣೆ ವಿಶ್ವವಿದ್ಯಾಲಯದ್ದೇ. ವಿದ್ಯಾರ್ಥಿಗಳು ಬರುವ ಆಸ್ಪತ್ರೆಗಳ ಜೊತೆ ವಿಶ್ವವಿದ್ಯಾಲಯವೇ ಒಪ್ಪಂದ ಮಾಡಿಕೊಳ್ಳಬೇಕು, ಪತ್ರ ಡೀನ್ ಸಹಿಯಲ್ಲಿ ಹೋಗಬೇಕು. ಎರಡು, ಆಸ್ಪತ್ರೆಯ ಮಾಹಿತಿ ಬೇಡದ ಥೀಸಿಸ್‌ಗಳಿಗೂ ಅಷ್ಟೇ ಮಾನ್ಯತೆ ಇರಬೇಕು. ಪ್ರಶ್ನೆಪತ್ರಿಕೆಗಳ ವಿಶ್ಲೇಷಣೆ, ಸಿಲಬಸ್ ಪರಿಶೀಲನೆ, ಸ್ಕಿಲ್ ಲ್ಯಾಬಿನಲ್ಲಿ ಮಾದರಿಗಳ ಮೇಲೆ ಮಾಡುವ ಪ್ರಯೋಗ ಇಂಥವು. ‘ಇದು ನಿಜವಾದ ಸಂಶೋಧನೆ ಅಲ್ಲ’ ಎಂದು ಇಬ್ಬರು ಅಧ್ಯಾಪಕರು ಪಟ್ಟು ಹಿಡಿದರು. ಕಲಿಕೆಯ ಬಗ್ಗೆಯೇ ಇರುವ ಪದವಿಗೆ ಕಲಿಸುವ ಜಾಗದ ಮಾಹಿತಿ ಯಾಕೆ ಸಾಲದು ಎಂದು ಮೇಷ್ಟ್ರು ಕೇಳಿದರು. ಅದಕ್ಕೆ ಉತ್ತರ ಬರಲಿಲ್ಲ, ಒಪ್ಪಿಗೆಯೂ ಬರಲಿಲ್ಲ. ಆ ಸಲಹೆ ಒಂದು ಮತದಲ್ಲಿ ಪಾರಾಯಿತು.

ಒಪ್ಪಂದದ ಕೆಲಸ ಕುಂಟುತ್ತಾ ಸಾಗಿದೆ. ಎರಡು ಆಸ್ಪತ್ರೆಯವರು ಸಹಿ ಹಾಕಿದ್ದಾರೆ, ಒಬ್ಬರು ಮೂರು ಪತ್ರಕ್ಕೂ ಉತ್ತರ ಕೊಟ್ಟಿಲ್ಲ. ಫೀಡ್‌ಬ್ಯಾಕ್ ಫಾರಂಗೂ ನೋ ಡ್ಯೂ ಸರ್ಟಿಫಿಕೇಟಿಗೂ ಇದ್ದ ಗಂಟು ಬಿಚ್ಚಿದ್ದಾರೆ. ಹೆಸರಿಲ್ಲದೆ, ಪ್ರತಿ ಸೆಮಿಸ್ಟರ್ ಕೊನೆಗೆ ಕೇಳುತ್ತಾರೆ. ಮೊದಲ ಸಲವೇ 4.6 ಇದ್ದದ್ದು 3.8ಕ್ಕೆ ಇಳಿಯಿತು. ನಿರ್ದೇಶಕರು ಫೋನ್ ಮಾಡಿ, ‘ನೋಡಿ, ನೀವು ಬಂದು ಹೋದ್ಮೇಲೆ ಇಳಿದಿದೆ’ ಎಂದು ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ ಹೇಳಿದರು. ಕಡತದ ಮೊದಲ ಪುಟದಲ್ಲಿ ಈಗ ಮೂರು ಅಂಕಿ ಇವೆ: ಸೇರಿದವರು, ಪಾಠ ಮುಗಿಸಿದವರು, ಪದವಿ ಪಡೆದವರು. ಶೇಕಡಾ ಲೆಕ್ಕ ಇಲ್ಲ. ಅದು ಮೇಷ್ಟ್ರ ಹಟ.

‘ಮುಂದುವರಿದಿದೆ’ ಎಂದು ಬರೆದಿದ್ದವರಲ್ಲಿ ಥೀಸಿಸ್ ಹಂತದಲ್ಲಿ ನಿಂತಿದ್ದ 31 ಜನರಿಗೂ ಡೀನ್ ಪತ್ರ ಬರೆದರು. ಹನ್ನೊಂದು ಜನ ಮತ್ತೆ ಹೆಸರು ನೋಂದಾಯಿಸಿದರು. ಆ ಎಕ್ಸ್‌ರೇ ಟೆಕ್ನಾಲಜಿಸ್ಟ್ ಅವರಲ್ಲೊಬ್ಬರು. ಆಸ್ಪತ್ರೆಯ ಲೆಕ್ಕ ಬಿಟ್ಟು, ಸ್ಕಿಲ್ ಲ್ಯಾಬಿನ ಮಾದರಿ ದೇಹದ ಮೇಲೆ ಹುಡುಗರ ಕೈಯಲ್ಲಿ ಎಕ್ಸ್‌ರೇ ತೆಗೆಸಿ, ಅದೇ ತಪ್ಪುಗಳನ್ನು ಅಲ್ಲಿ ಎಣಿಸಿದರು. ವೈವಾಗೆ ಹೊರಗಿನ ಪರೀಕ್ಷಕಿಯಾಗಿ ಹೋಗಿದ್ದವರು ನಮ್ಮ ಮೇಡಂ. ಹೇಗಾಯಿತು ಎಂದು ಕೇಳಿದೆ. ‘ಮೂರನೇ ಅಧ್ಯಾಯದಲ್ಲಿ ತಿದ್ದುಪಡಿ ಕೊಟ್ಟಿದೀನಿ, ಹದಿನೈದು ದಿನ ಟೈಮು’ ಎಂದರು.